ಬಳ್ಳಾರಿ ಧೂಳಿಗೆ ಯಾವ ಬ್ರೇಕ್ ಡಿಸ್ಕ್? ಬ್ರೆಂಬೊದ ಸಾದಾ, ಮ್ಯಾಕ್ಸ್, ಎಕ್ಸ್‌ಟ್ರಾ ತೂಗಿ ನೋಡಿದಾಗ

ಸಂಡೂರು, ತೋರಣಗಲ್ಲು, ಕುಡುತಿನಿ ಸುತ್ತ ಓಡುವ ಸ್ಪೋರ್ಟ್ಸ್ ಕಾರಿಗೆ ಮುಂದಿನ ಡಿಸ್ಕ್ ಬದಲಿಸಬೇಕಾಗಿದೆಯೇ? ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಇಟಲಿಯ ಬ್ರೇಕ್ ಕಂಪನಿ ಬ್ರೆಂಬೊದ ಈ ಮೂರು ಬಗೆಗಳಲ್ಲಿ ಯುವಿ ಲೇಪನದ (ಅತಿನೇರಳೆ ಬೆಳಕಿನಲ್ಲಿ ಗಟ್ಟಿ ಮಾಡಿದ, ತುಕ್ಕು ತಡೆಯುವ ಲೇಪ) ಸಾದಾ ಡಿಸ್ಕ್ ತಗೊಳ್ಳಿ. ಮೈಮೇಲೆ ಸ್ಲಾಟ್ ಎಂಬ ಉದ್ದ ಗೆರೆಗಳನ್ನು ಕೊರೆದ ಮ್ಯಾಕ್ಸ್ ಕೆಲವರಿಗೆ ಒಪ್ಪುತ್ತದೆ. ತೂತು ಕೊರೆದ ಎಕ್ಸ್‌ಟ್ರಾ ಈ ಸೀಮೆಗೆ ಬೇಡವೇ ಬೇಡ.

ಸಾಮಾನ್ಯ ಡಿಸ್ಕ್‌ಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ ಕಳಿಸುತ್ತಾರೆ. ಕೂರಿಸುವ ಮುನ್ನ ಬ್ರೇಕ್ ಕ್ಲೀನರ್ ಹಾಕಿ ತೊಳೆಯದಿದ್ದರೆ ಆ ಎಣ್ಣೆಯನ್ನು ಡಿಸ್ಕನ್ನು ಒತ್ತಿ ಹಿಡಿಯುವ ಹೊಸ ಪ್ಯಾಡ್ ಕುಡಿದುಬಿಡುತ್ತದೆ. ಆಮೇಲೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಯುವಿ ಲೇಪನದ ಡಿಸ್ಕ್‌ಗೆ ಆ ಎಣ್ಣೆ ಇರುವುದಿಲ್ಲ, ಪೆಟ್ಟಿಗೆಯಿಂದ ತೆಗೆದು ನೇರ ಕೂರಿಸಬಹುದು. ನಮ್ಮ ಕಡೆ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಅದಿರಿನ ಕೆಂಧೂಳು ನೀರು ತಾಗಿದರೆ ಲೇಪದಂತೆ ಅಂಟಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಲೇಪನವಿಲ್ಲದ ಡಿಸ್ಕ್‌ನ ಟೋಪಿಯಂಥ ನಡುಭಾಗ ಅದರಡಿ ತುಕ್ಕು ಹಿಡಿದು, ಡಿಸ್ಕ್ ಮತ್ತು ಚಕ್ರ ಕೂರುವ ಹಬ್‌ಗೆ ಕಚ್ಚಿಕೊಳ್ಳುತ್ತದೆ, ಮುಂದಿನ ಸಲ ಬಿಚ್ಚುವಾಗ ಸುತ್ತಿಗೆ ಏಟಿಗೂ ಬರುವುದಿಲ್ಲ. ಲೇಪನವಿದ್ದರೆ ಈ ಕಾಟ ಬಹಳ ಕಡಿಮೆ.

ಎಕ್ಸ್‌ಟ್ರಾದ ತೂತುಗಳು ಚೆಂದ ಕಾಣುತ್ತವೆ, ಮಳೆಯಲ್ಲಿ ಮೊದಲ ಹಿಡಿತ ಚುರುಕಾಗುತ್ತದೆ, ಅದು ನಿಜ. ಆದರೆ ಬಳ್ಳಾರಿ, ರಾಯಚೂರಿನಲ್ಲಿ ಮಳೆಯಲ್ಲಿ ಓಡಿಸುವ ದಿನ ಎಷ್ಟು? ಮಿಕ್ಕ ದಿನಗಳಲ್ಲಿ ಅದಿರಿನ ಧೂಳೂ ಪ್ಯಾಡಿನ ಪುಡಿಯೂ ಸೇರಿ ಆ ತೂತುಗಳನ್ನು ಮುಚ್ಚುತ್ತವೆ. ಪದೇ ಪದೇ ಕಾದು ಆರುವ ಯಾವ ತೂತಿನ ಡಿಸ್ಕ್‌ನಲ್ಲಾದರೂ ಕೂದಲೆಳೆಯ ಬಿರುಕು ಶುರುವಾಗುವುದು ತೂತಿನ ಅಂಚಿನಿಂದಲೇ. ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ ಅಥವಾ ಹೊರ ಅಂಚಿಗೆ ಮುಟ್ಟಿದ್ದರೆ ಆ ಡಿಸ್ಕ್ ಗುಜರಿಗೆ ಹೋಗಬೇಕು. ಮ್ಯಾಕ್ಸ್‌ನ ಸ್ಲಾಟ್‌ಗಳು ಪ್ಯಾಡಿನ ಮೈಯನ್ನು ಸವರಿ ಗಾಜಿನಂತೆ ಹೊಳಪು ಕಟ್ಟಿದ ಪದರವನ್ನೂ ಧೂಳನ್ನೂ ತೆಗೆಯುತ್ತವೆ. ಬೆಲೆ ತೆರಬೇಕಾದ್ದು ಪ್ಯಾಡ್: ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಗುಂಯ್ ಎನ್ನುವ ಸದ್ದೂ ಇರುತ್ತದೆ. ಸಂಡೂರಿನ ಘಾಟಿಯಲ್ಲಿ ವಾರವಾರ ಜೋರಾಗಿ ಇಳಿಯುವವರಿಗೆ ಇದು ಸರಿ. ಊರೊಳಗೆ ಓಡಾಡಿಕೊಂಡು ತಿಂಗಳಿಗೊಮ್ಮೆ ಹೈವೇಗೆ ಹೋಗುವವರಿಗೆ ದಂಡ.

ಸಿರುಗುಪ್ಪ, ಸಿಂಧನೂರು ಕಡೆಯವರಿಗೆ ಬೇರೆಯದೇ ತೊಂದರೆ. ಗದ್ದೆ ಬದಿಯ ದಾರಿಯ ಎರೆಮಣ್ಣು ಡಿಸ್ಕ್‌ನ ಒಳಗಿನ ಗಾಳಿ ದಾರಿಗೆ ಹೊಕ್ಕು ಒಣಗಿ ಇಟ್ಟಿಗೆಯಂತಾಗುತ್ತದೆ. ಬಿಸಿ ಹೊರಗೆ ಹೋಗುವುದಿಲ್ಲ, ಚಕ್ರದ ಬ್ಯಾಲೆನ್ಸೂ ಕೆಡುತ್ತದೆ. ಬ್ರೇಕ್ ಒತ್ತದೆಯೇ 80-90ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಮೊದಲು ಈ ಮಣ್ಣು, ಬ್ಯಾಲೆನ್ಸಿಂಗ್ ಎರಡನ್ನೂ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ಕಡೆ ಬನ್ನಿ.

ಆಗ ಗ್ಯಾರೇಜಿನಲ್ಲಿ ಕೇಳುವ ಮಾತು ಒಂದೇ: "ಡಿಸ್ಕ್ ಬೆಂಡ್ ಆಗೇತ್ರಿ ಸರ, ಹೊಸಾದು ಹಾಕ್ರಿ." ಡಿಸ್ಕ್ ನಿಜವಾಗಿ ಬಾಗುವುದು ಅಪರೂಪ. ಆಗಿರುವುದು ದಪ್ಪದ ವ್ಯತ್ಯಾಸ. ಒಂದು ಕಡೆ ಸವೆದು ತೆಳುವಾಗಿರುತ್ತದೆ, ಇಲ್ಲವೇ ಪ್ಯಾಡಿನ ವಸ್ತು ಒಂದೆಡೆ ಅಂಟಿ ದಪ್ಪವಾಗಿರುತ್ತದೆ. ಸುಮಾರು 0.015 ಮಿ.ಮೀ. ವ್ಯತ್ಯಾಸ ಸಾಕು, ಪೆಡಲ್ ಕಾಲಿಗೆ ಬಡಿಯುತ್ತದೆ. ಇದನ್ನು ವರ್ನಿಯರ್‌ನಿಂದ ಅಳೆಯಲು ಹೋಗಬೇಡಿ. ಹಳೆ ಡಿಸ್ಕ್‌ನ ಅಂಚಿನಲ್ಲಿ ಸವೆಯದೆ ಉಳಿದ ಏಣು ಇರುತ್ತದೆ, ವರ್ನಿಯರ್ ಅದರ ಮೇಲೆ ಕೂತು ಹೆಚ್ಚು ದಪ್ಪ ತೋರಿಸುತ್ತದೆ. ಮೈಕ್ರೋಮೀಟರ್ ಹಿಡಿದು ಅಂಚಿನಿಂದ 10-15 ಮಿ.ಮೀ. ಒಳಗೆ, ಸುತ್ತಲೂ ಎಂಟು ಕಡೆ ಅಳೆದು ಬರೆದಿಟ್ಟುಕೊಳ್ಳಿ. ಡಿಸ್ಕ್ ಮೇಲೆ 'ಮಿನ್ ಟಿಎಚ್' (ಕನಿಷ್ಠ ದಪ್ಪ) ಎಂದು ಕೆತ್ತಿರುವ ಅಂಕಿಯೇ ಕೊನೆಯ ಗೆರೆ.

ಹಳೆ ಡಿಸ್ಕ್‌ನ ಮೈ ಹೆರೆದು ಸಮ ಮಾಡಲು ಲೇಥ್ ಹೊಡಿಸಿದರೆ ಸಾಲದೇ ಎಂದು ಕೇಳುವವರಿಗೆ ಲೆಕ್ಕ ಇಲ್ಲಿದೆ. ಹೊಸದರಲ್ಲಿ 25 ಮಿ.ಮೀ. ಇದ್ದ ಡಿಸ್ಕ್‌ನ ಕನಿಷ್ಠ ದಪ್ಪ 22 ಎಂದಿಟ್ಟುಕೊಳ್ಳಿ. ಈಗ 23.2 ಉಳಿದಿದೆ, ಗೀರು ಹೋಗಬೇಕಾದರೆ ಒಂದೊಂದು ಬದಿಗೆ 0.4 ತೆಗೆಯಬೇಕು. ಉಳಿಯುವುದು 22.4. ಒಂದು ಜೊತೆ ಪ್ಯಾಡ್ ಸವೆಯುವಷ್ಟರಲ್ಲಿ ಅದು 22ರ ಕೆಳಗಿಳಿಯಬಹುದು. ಕೂಲಿ ದಂಡ. ತೂತಿನ ಡಿಸ್ಕ್ ಅಂತೂ ಸಾಮಾನ್ಯ ಲೇಥ್‌ಗೆ ಕೊಡಲೇಬಾರದು, ಪ್ರತಿ ತೂತಿಗೂ ಉಳಿ ತಡೆದು ಮೈ ಒರಟಾಗುತ್ತದೆ.

ಹೊಸ ಡಿಸ್ಕ್ ಹಾಕಿದ ಕೆಲವೇ ತಿಂಗಳಿಗೆ ನಡುಕ ಮರಳಿ ಬಂದು, ಬೈಗುಳ ಡಿಸ್ಕ್ ಕಂಪನಿಗೆ ಹೋಗುವುದುಂಟು. ಬಹಳ ಸಲ ತಪ್ಪು ಹಬ್ ಮುಖದ್ದು. ಡಿಸ್ಕ್ ಕೂರುವ ಆ ಚಪ್ಪಟೆ ಮೈಯಲ್ಲಿ ತುಕ್ಕಿನ ಚೂರೋ ಅದಿರಿನ ಕಣವೋ 0.05 ಮಿ.ಮೀ. ದಪ್ಪ ಉಳಿಯಿತೆನ್ನಿ. ಹಬ್‌ನ ಅಗಲ 140 ಮಿ.ಮೀ., ಡಿಸ್ಕ್‌ನದು 312. ಹಬ್ ಅಂಚಿನ ಆ 0.05 ಡಿಸ್ಕ್ ಅಂಚಿಗೆ ಬರುವಷ್ಟರಲ್ಲಿ 0.11 ಆಗುತ್ತದೆ. ಕೂರಿಸಿದ ದಿನ ಏನೂ ಗೊತ್ತಾಗುವುದಿಲ್ಲ. ಆದರೆ ಬ್ರೇಕ್ ಒತ್ತದೆ ಓಡುವಾಗಲೂ ಡಿಸ್ಕ್‌ನ ಓಲಾಡುವ ಭಾಗ ಸುತ್ತಿಗೊಮ್ಮೆ ಪ್ಯಾಡಿಗೆ ಒರೆಸುತ್ತದೆ. ಸಾವಿರಾರು ಕಿಲೋಮೀಟರ್ ಹೀಗೆ ಒರೆಸಿ ಆ ಜಾಗ ತೆಳುವಾದ ಮೇಲೆ ನಡುಕ ಶುರು. ಮೊದಲ ತಿಂಗಳು ಚೆನ್ನಾಗಿದ್ದು ಆಮೇಲೆ ಕೆಡುವುದರ ಗುಟ್ಟು ಇದೇ.

ಆದ್ದರಿಂದ ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ ಕೆಲಸ ಇದೊಂದು. ಕಾರನ್ನು ಜಾಕ್ ಮೇಲಷ್ಟೇ ಬಿಡದೆ ಸ್ಟ್ಯಾಂಡ್ ಮೇಲೆ ಕೂರಿಸಿ, ಪ್ಯಾಡ್‌ಗಳನ್ನು ಹಿಡಿದಿರುವ ಕ್ಯಾಲಿಪರ್ ಬಿಚ್ಚಿದ ಮೇಲೆ ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಬೇಕು. ಬ್ರೇಕ್ ಹೋಸ್‌ನಲ್ಲಿ ಜೋತು ಬಿಟ್ಟರೆ ಹೋಸ್ ಒಳಗೇ ಕಿತ್ತುಹೋಗಬಹುದು. ಡಿಸ್ಕ್ ಹಿಡಿದಿರುವ ಚಿಕ್ಕ ಸ್ಕ್ರೂ ಕಚ್ಚಿಕೊಂಡಿದ್ದರೆ ತಲೆ ಸವೆಸುವ ಬದಲು ಏಟಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಹಬ್ ಮುಖವನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಸ್ಟಡ್ ಅಥವಾ ಬೋಲ್ಟ್ ತೂತಿನ ಸುತ್ತ ಉಳಿಯುವ ಉಂಗುರದಂಥ ತುಕ್ಕನ್ನೂ ತೆಗೆದು, ಒಣ ಬಟ್ಟೆಯಿಂದ ಒರೆಸಿ. ಅಲ್ಲಿ ಗ್ರೀಸ್ ಬಳಿಯಬೇಡಿ, ಧೂಳು ಮತ್ತೆ ಅಲ್ಲೇ ಕೂರುತ್ತದೆ. ಹೊಸ ಡಿಸ್ಕ್ ಇಟ್ಟು ಚಕ್ರದ ನಟ್‌ಗಳನ್ನೇ ವಾಷರ್ ಜೊತೆ ಬಿಗಿದು, ಅಂಚಿನಿಂದ 10 ಮಿ.ಮೀ. ಒಳಗೆ ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ತಿರುಗಿಸಿ. ಓಲಾಟ 0.05 ಮಿ.ಮೀ. ಒಳಗಿದ್ದರೆ ನೆಮ್ಮದಿ. ಹೆಚ್ಚಿದ್ದರೆ, ಡಿಸ್ಕ್‌ಗೆ ಜಾಗ ಗೊತ್ತುಮಾಡುವ ಸ್ಕ್ರೂ ಇಲ್ಲದ ಕಾರಿನಲ್ಲಿ ಒಂದು ತೂತು ಸರಿಸಿ ಮತ್ತೆ ನೋಡಿ. 0.10 ದಾಟಿದರೆ ಹಬ್ ಅಥವಾ ಬೇರಿಂಗ್ ನೋಡದೆ ಮುಂದುವರಿಯಬೇಡಿ. ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡುವುದೇ ಬೇಡ.

ಪ್ಯಾಡ್ ಹೊಸದೇ ಇರಲಿ, ಹಳೆ ಪ್ಯಾಡಿನ ಗೀರು ಹೊಸ ಡಿಸ್ಕ್‌ಗೆ ಹೊಂದುವುದಿಲ್ಲ. ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್‌ಗಳನ್ನು ತೆಗೆದು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ. ಮಾಮೂಲಿ ಗ್ರೀಸ್ ತಾಗಿದರೆ ರಬ್ಬರ್ ಬೂಟ್ ಉಬ್ಬುತ್ತದೆ, ಪಿನ್ ಸಿಕ್ಕಿಕೊಂಡು ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ. ಪ್ಯಾಡನ್ನು ದೂಡುವ ಪಿಸ್ಟನ್ ಹಿಂದಕ್ಕೆ ಒತ್ತುವಾಗ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಉಕ್ಕುತ್ತದೆಯೇ ನೋಡಿ, ಪೇಂಟಿನ ಮೇಲೆ ಬಿದ್ದರೆ ಪೇಂಟ್ ಏಳುತ್ತದೆ. ಆ ಆಯಿಲ್ ಎರಡು ವರ್ಷ ದಾಟಿದ್ದರೆ ಇದೇ ಹೊತ್ತಿಗೆ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಘಾಟಿ ಇಳಿಯುವವರಿಗೆ ಇದು ಸಣ್ಣ ಮಾತಲ್ಲ.

ಚಕ್ರದ ಬೋಲ್ಟ್‌ಗಳನ್ನು ಗಾಳಿ ಗನ್‌ನಿಂದ ಜಡಿದು ಮುಗಿಸಲು ಬಿಡಬೇಡಿ. ಒಂದು ಹೆಚ್ಚು ಒಂದು ಕಡಿಮೆ ಬಿಗಿಯಾದರೆ ಉಜ್ಜಿ ಶುಚಿ ಮಾಡಿದ ಹಬ್ ಮೇಲೂ ಡಿಸ್ಕ್ ಓರೆ ಕೂರುತ್ತದೆ. ಟಾರ್ಕ್ ವ್ರೆಂಚ್ ಹಿಡಿದು, ಎದುರುಬದುರಾಗಿ, ಕಾರಿನ ಪುಸ್ತಕ ಹೇಳಿದಷ್ಟೇ ಬಿಗಿಯಿರಿ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಬಹಳಷ್ಟಕ್ಕೆ ಅದು 120 ನ್ಯೂಟನ್ ಮೀಟರ್.

ಕೂರಿಸಿದ ಮರುದಿನ ಬೆಳಗಿನ ಜಾವ, ಅದಿರು ಲಾರಿಗಳಿಲ್ಲದ ರಸ್ತೆ ಹುಡುಕಿ. 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟು-ಹತ್ತು ಸಲ ಇಳಿಸಿ, ನಡುವೆ ಅರ್ಧ ನಿಮಿಷ ಓಡಲು ಬಿಡಿ. ಪೂರ್ತಿ ನಿಲ್ಲಿಸಿ ಪೆಡಲ್ ಒತ್ತಿ ಹಿಡಿಯಬೇಡಿ, ಕಾದ ಪ್ಯಾಡ್ ಒಂದೇ ಜಾಗಕ್ಕೆ ತನ್ನ ಅಚ್ಚು ಒತ್ತುತ್ತದೆ. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಸಂಡೂರಿನಿಂದ ಬಂದವರು ನೇರ ವಾಟರ್ ಸರ್ವಿಸ್‌ಗೆ ನುಗ್ಗಬಾರದು. ಕಾದ ಬೀಡುಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಅರ್ಧ ಗಂಟೆ ಬಿಟ್ಟು ತೊಳೆಸಿ.

ತರಿಸುವಾಗ ಮಾಡೆಲ್ ಹೆಸರಲ್ಲ, ಚಾಸಿಸ್ ನಂಬರ್ ಕೊಡಿ. ಒಂದೇ ಮಾಡೆಲ್‌ನಲ್ಲಿ ಎರಡು ಅಳತೆಯ ಡಿಸ್ಕ್ ಇರುವುದುಂಟು. ಒಳಗಿನ ಗಾಳಿ ದಾರಿಯ ರೆಕ್ಕೆಗಳು ಬಾಗಿರುವ ಅಥವಾ ಸ್ಲಾಟ್‌ನ ಡಿಸ್ಕ್ ಆದರೆ ಎಡ-ಬಲದ ಗುರುತು ನೋಡಿ. ಪಾರ್ಸೆಲ್ ಬಂದ ಕೂಡಲೇ ಅಂಚು ಚಿಪ್ಪೆದ್ದಿದೆಯೇ ಎಂದು ಬೆರಳಾಡಿಸಿ ನೋಡಿ, ಕೆಳಗೆ ಬಿದ್ದು ಪೆಟ್ಟಾದ ಡಿಸ್ಕ್ ವಾಪಸ್ ಕಳಿಸಿ. ಹಿಂದಿನ ಡಿಸ್ಕ್‌ಗಳಿಗೂ ಇದೇ ಕ್ರಮ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಾದರೆ ಮಾತ್ರ ಸ್ಕ್ಯಾನರ್ ಹಚ್ಚಿ ಸರ್ವಿಸ್ ಮೋಡ್‌ಗೆ ಹಾಕದೆ ಪಿಸ್ಟನ್ ಒತ್ತಬೇಡಿ, ಮೋಟಾರ್ ಹಾಳಾಗುತ್ತದೆ.