ಪಿಯಾನೊ ಫೀಲ್ ಬೇಕೆಂದು ಮಿಡಿ ಕೀಬೋರ್ಡ್‌ಗಳನ್ನು ನುಡಿಸಿ ನೋಡಿದಾಗ

88 ಕೀಗಳ ಮಿಡಿ ಕಂಟ್ರೋಲರ್ (ತನ್ನದೇ ಸೌಂಡ್ ಇಲ್ಲದ, ಕಂಪ್ಯೂಟರಿನ ವಾದ್ಯ ನುಡಿಸುವ ಕೀಬೋರ್ಡ್) ಹುಡುಕಲು ಹೊರಟರೆ ಮೊದಲು ಕಣ್ಣಿಗೆ ಬೀಳುವುದು ತಿರುಗಿಸುವ ನಾಬು, ಜಾರಿಸುವ ಫೇಡರು, ಬಡಿಯುವ ಬಣ್ಣದ ಪ್ಯಾಡು. ಪಿಯಾನೊ ಕಲಿತ ಕೈಗೆ ಇವೆಲ್ಲ ಆಮೇಲಿನ ಮಾತು. ಕೀ ಕೆಳಗೆ ಏನಿದೆ ಅನ್ನುವುದು ಮೊದಲು. ಹೊರಗಿನ ಹೆಸರು ಬೇರೆಯಾದರೂ ಎಷ್ಟೋ ಸಲ ಒಳಗಿನ ಕೀಬೆಡ್, ಅಂದರೆ ಕೀಗಳೂ ಅವುಗಳ ಕೆಳಗಿನ ಯಂತ್ರವೂ ಸೇರಿದ ಜೋಡಣೆ, ಒಂದೇ ಇರುತ್ತದೆ. ಇಟಲಿಯ ಫಾಟಾರ್ ಕಂಪನಿಯ ಟಿಪಿ/100ಎಲ್ಆರ್ ಕೀಬೆಡ್ ಸ್ಟುಡಿಯೋಲಾಜಿಕ್ ಎಸ್ಎಲ್88 ಸ್ಟುಡಿಯೋದಲ್ಲೂ ಇದೆ, ಆರ್ಟೂರಿಯಾ ಕೀಲ್ಯಾಬ್ 88 ಎಂಕೆ2ನಲ್ಲೂ ಇದೆ.

ಗೆಳೆಯರ ಸ್ಟುಡಿಯೋಗಳಲ್ಲಿ, ಅಂಗಡಿಗಳಲ್ಲಿ ಸಿಕ್ಕಿದ್ದನ್ನೆಲ್ಲ ನುಡಿಸಿದೆ. ಎಲ್ಲಕ್ಕೂ ನನ್ನದೇ ಲ್ಯಾಪ್‌ಟಾಪ್, ನನ್ನದೇ ಹೆಡ್‌ಫೋನ್, ಪಿಯಾನೊಟೆಕ್ ಎಂಬ ಪಿಯಾನೊ ಸಾಫ್ಟ್‌ವೇರಿನ ಒಂದೇ ಪಿಯಾನೊ. ಆಡಿಯೊ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಿದ್ಧಪಡಿಸುವ ಶಬ್ದದ ತುಣುಕು) 128 ಸ್ಯಾಂಪಲ್. ಇದು ಮುಖ್ಯ. ಬಫರ್ ದೊಡ್ಡದಿದ್ದರೆ ಶಬ್ದ ತಡವಾಗಿ ಬರುತ್ತದೆ, ಬೆರಳಿಗೆ ಅದು ಕೀ ಭಾರ ಅನ್ನಿಸುತ್ತದೆ. ಪಾಪ, ಬೈಗುಳ ಕೀಬೋರ್ಡಿಗೆ.

ಪ್ರತಿಯೊಂದರಲ್ಲೂ ಮೊದಲು ನೋಡಿದ್ದು ತೀರಾ ಮೆಲ್ಲಗೆ ನುಡಿಸಿದರೆ ಏನಾಗುತ್ತದೆ ಅಂತ. ಕೀ ಕೆಳಗಿಳಿಯುವಾಗ ಒಂದು ಸೆನ್ಸರ್‌ನಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿ 1ರಿಂದ 127ರವರೆಗಿನ ಒಂದು ವೆಲಾಸಿಟಿ ಅಂಕಿ ಹೊರಡುತ್ತದೆ. ಮೆಲ್ಲಗೆ ಒತ್ತಿದಾಗ ಈ ಅಂಕಿ 12, 15, 19 ಅಂತ ನಿಧಾನವಾಗಿ ಏರಬೇಕು. ಒಮ್ಮೆಲೇ 40ಕ್ಕೆ ಹಾರಿದರೆ ಕೀ ಎಷ್ಟೇ ಚೆನ್ನಾಗಿದ್ದರೂ ಪಿಯಾನೊ ಅನ್ನಿಸುವುದಿಲ್ಲ. ಆಮೇಲೆ ಎಫ್ ಶಾರ್ಪ್ ಮೇಜರ್ ಸ್ಕೇಲ್. ಅದರಲ್ಲಿ ಹೆಬ್ಬೆರಳು ಕಪ್ಪು ಕೀಗಳ ಸಂದಿಗೆ ನುಗ್ಗಲೇಬೇಕು. ಪೆಟ್ಟಿಗೆಯೊಳಗೆ ಕಾಣದಂತಿರುವ ಕೀಯ ಭಾಗ ಗಿಡ್ಡವಾಗಿದ್ದರೆ ಆ ಸಂದಿಯಲ್ಲಿ ಒತ್ತುವುದಕ್ಕೆ ಜಾಸ್ತಿ ಬಲ ಬೇಕು, ಕೈ ಬೇಗ ಸೋಲುತ್ತದೆ. ಅಂಗಡಿಯಲ್ಲಿ ಸುಮ್ನೆ ಸಿ ಮೇಜರ್ ನುಡಿಸಿ ಬಂದರೆ ಇದು ಗೊತ್ತೇ ಆಗುವುದಿಲ್ಲ.

ಎಸ್ಎಲ್88 ಸ್ಟುಡಿಯೋ ಸುಮಾರು 14 ಕಿಲೋ. ನಾಬು, ಫೇಡರು ಇಲ್ಲ. ಒಂದು ಪುಟ್ಟ ಸ್ಕ್ರೀನು, ಮೂರು ಜಾಯ್‌ಸ್ಟಿಕ್ಕು, ಅಷ್ಟೇ. ದುಡ್ಡೆಲ್ಲ ಕೀಗೇ ಹೋಗಿದೆ ಎಂಬ ಸಮಾಧಾನ. ಪಾಪ್, ಸಿನಿಮಾ ಹಾಡು ನುಡಿಸುವವರಿಗೆ ಧಾರಾಳವಾಗಿ ಸಾಕು. ಅದರ ಅಣ್ಣ ಎಸ್ಎಲ್88 ಗ್ರಾಂಡ್‌ನಲ್ಲಿ ಮರದ ಕೀ, ಫಾಟಾರ್‌ನದೇ ಟಿಪಿ/40ವುಡ್ ಕೀಬೆಡ್. ನಿಧಾನ ಗತಿಯ ಸಂಗೀತಕ್ಕೆ ಸೊಗಸು. ವೇಗದ ಪ್ಯಾಸೇಜುಗಳಲ್ಲಿ ನನಗಂತೂ ಭಾರ ಅನ್ನಿಸಿತು. ತೂಕ 20 ಕಿಲೋ ದಾಟುತ್ತದೆ, ಸಡಿಲ ಎಕ್ಸ್ ಸ್ಟ್ಯಾಂಡ್ ಮೇಲೆ ಇಡುವ ಧೈರ್ಯ ಮಾಡಬೇಡಿ.

ಕವಾಯ್ ವಿಪಿಸಿ1 ಇವೆಲ್ಲಕ್ಕಿಂತ ಬೇರೆ ಜಾತಿ. 2013ರಲ್ಲಿ ಬಂದದ್ದು. ಉದ್ದನೆಯ ಮರದ ಕೀ, ಮೂರು ಸೆನ್ಸರ್, ಜೊತೆಗೇ ಮೂರು ಪೆಡಲ್. ಒಂದೇ ಕೀಯನ್ನು ಪೂರ್ತಿ ಮೇಲೆ ಬಿಡದೆ ಪಟಪಟ ಬಡಿದರೂ ಪ್ರತಿ ಸ್ವರವೂ ಬರುತ್ತದೆ. ಎಫ್ ಶಾರ್ಪ್ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಇದೇ. ಪಿಯಾನೊಟೆಕ್‌ಗೆಂದೇ ಹೊಂದಿಸಿದ ಟಚ್ ಕರ್ವ್ (ಬೆರಳಿನ ಬಲಕ್ಕೆ ಎಷ್ಟು ವೆಲಾಸಿಟಿ ಎಂಬ ಲೆಕ್ಕ) ಕೂಡ ಒಳಗೇ ಇದೆ. ಆದರೆ 29.5 ಕಿಲೋ! ಇಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಸ್ವರವನ್ನು ಮೇಲೆ ಕೆಳಗೆ ಜಾರಿಸುವ (ಪಿಚ್ ಬೆಂಡ್) ಪಿಚ್ ವ್ಹೀಲ್ ಇಲ್ಲವೇ ಇಲ್ಲ. ಗಮಕ ಬೇಕೆನ್ನುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ಹನ್ನೆರಡು ಸ್ವರಗಳ ಕಟ್ಟಿಗೆ ಸಿಕ್ಕಿದ ವಾದ್ಯದಲ್ಲಿ ತೋಡಿಯ ಗಾಂಧಾರ ಅಲುಗಬೇಕಾದರೆ ಪಿಚ್ ಬೆಂಡ್ ಇಲ್ಲದೆ ಆಗುತ್ತದಾ?

ಎಂ-ಆಡಿಯೊ ಹ್ಯಾಮರ್ 88 ಪ್ರೋದಲ್ಲಿ ಪ್ಯಾಡು, ಫೇಡರು ಎಲ್ಲ ಇದೆ. ಬೀಟ್ ಮಾಡುವವರಿಗೆ ಸರಿ. ಪಿಯಾನೊ ಫೀಲ್ ಒಂದನ್ನೇ ನೋಡುವ ನನಗೆ ಮನಸ್ಸು ನಿಲ್ಲಲಿಲ್ಲ.

ಮಜಾ ಬಂದದ್ದು ರೋಲೆಂಡ್‌ನ ಎರಡರಲ್ಲಿ. ಎ-88 ಎಂಕೆ2 ಅಪ್ಪಟ ಕಂಟ್ರೋಲರ್: 16.3 ಕಿಲೋ, ಎಂಟು ನಾಬು, ಎಂಟು ಪ್ಯಾಡು, ಎಡಗಡೆ ಪಿಚ್ ಬೆಂಡ್ ಲಿವರ್, ಯುಎಸ್‌ಬಿ-ಸಿ ಕೇಬಲ್ ಒಂದರಲ್ಲೇ ಕರೆಂಟೂ ಬರುತ್ತದೆ. ಎಫ್‌ಪಿ-30ಎಕ್ಸ್ ಡಿಜಿಟಲ್ ಪಿಯಾನೊ: 14.8 ಕಿಲೋ, ಒಳಗೇ ಸ್ಪೀಕರ್, ಒಳಗೇ ಸೌಂಡ್. ಎರಡರಲ್ಲೂ ಕೀಬೆಡ್ ಪಿಎಚ್ಎ-4. ಕೀ ಮೇಲ್ಮೈ ದಂತದ ಹಾಗೆ ತುಸು ಒರಟು, ಬೆವರಿದ ಬೆರಳು ಜಾರುವುದಿಲ್ಲ. ಮೆಲ್ಲಗೆ ಒತ್ತಿದರೆ ಅಡಿ ಮುಟ್ಟುವ ಮುಂಚೆ ಸಣ್ಣ ತಡೆ ಸಿಗುತ್ತದೆ, ಗ್ರಾಂಡ್ ಪಿಯಾನೊದಲ್ಲಿ ಸುತ್ತಿಗೆ ಕೀಯಿಂದ ಬಿಡಿಸಿಕೊಳ್ಳುವ ಎಸ್ಕೇಪ್‌ಮೆಂಟ್ ಥರ. ಜೋರಾಗಿ ನುಡಿಸುವಾಗ ಅದು ಮಾಯ. ಮೆಲುದನಿಯ ಪರೀಕ್ಷೆಯಲ್ಲಿ ನನಗೆ ಅತಿ ಹೆಚ್ಚು ಹಿಡಿತ ಸಿಕ್ಕಿದ್ದು ಈ ಕೀಬೆಡ್‌ನಲ್ಲೇ. ಒಳಗಡೆ ಒತ್ತುವಾಗ ಮಾತ್ರ ವಿಪಿಸಿ1ರ ಸುಖ ಇಲ್ಲ. ಆಫ್ಟರ್‌ಟಚ್ (ಒತ್ತಿದ ಕೀಯನ್ನು ಇನ್ನಷ್ಟು ಅದುಮಿ ಶಬ್ದ ಬದಲಿಸುವ ಸೌಲಭ್ಯ) ಎರಡರಲ್ಲೂ ಇಲ್ಲ. ಅದು ಬೇಕಿದ್ದವರು ಎಸ್ಎಲ್88 ಕಡೆಗೇ ಹೋಗಬೇಕು.

ಒಂದೇ ಕೀಬೆಡ್ ಅಂದಮೇಲೆ ನಾಬುಗಳಿಗೆ ದುಡ್ಡು ಕೊಡಬೇಕಾ, ಸ್ಪೀಕರಿಗಾ? ನಾನು ಕೊಂಡದ್ದು ಎಫ್‌ಪಿ-30ಎಕ್ಸ್. ಲ್ಯಾಪ್‌ಟಾಪ್ ಆನ್ ಮಾಡದೆಯೂ ಬೆಳಗ್ಗೆ ಎದ್ದು ನುಡಿಸಬಹುದಲ್ವಾ! ಗಮಕಕ್ಕೆ 25 ಕೀಯ ಪುಟ್ಟ ಕಂಟ್ರೋಲರ್ ಪಕ್ಕದಲ್ಲಿದೆ, ಎಡಗೈ ಅದರ ವ್ಹೀಲ್ ಮೇಲೆ. ಎರಡನ್ನೂ ಒಂದೇ ಟ್ರ್ಯಾಕ್‌ಗೆ, ಒಂದೇ ಮಿಡಿ ಚಾನೆಲ್‌ಗೆ ಕೊಟ್ಟರೆ ಬೆಂಡ್ ಸರಿಯಾಗಿ ಕೂರುತ್ತದೆ. ವೇದಿಕೆಯಲ್ಲಿ ನುಡಿಸುವವರು, ಎರಡೆರಡು ಪೆಟ್ಟಿಗೆ ಹೊರಲಾಗದವರು ಎ-88 ಎಂಕೆ2 ತೆಗೆದುಕೊಳ್ಳಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೇ ಜೀವ ಅನ್ನುವವರು, ಮನೆಯಲ್ಲಿ ಜಾಗವೂ ಇದ್ದರೆ ಕಣ್ಣು ಮುಚ್ಚಿ ವಿಪಿಸಿ1.

ಎಫ್‌ಪಿ-30ಎಕ್ಸ್ ಕೊಂಡವರಿಗೆ ಎರಡು ಮಾತು. ಕಂಪ್ಯೂಟರಿನ ಪಿಯಾನೊ ನುಡಿಸುವಾಗ ಲೋಕಲ್ ಕಂಟ್ರೋಲ್ (ಕೀ ಒತ್ತಿದರೆ ಅದರದೇ ಸೌಂಡ್ ಬರುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲದಿದ್ದರೆ ಎರಡು ಪಿಯಾನೊ ಒಟ್ಟಿಗೆ ಕೇಳಿಸುತ್ತದೆ. ಜೊತೆಗೆ ಬರುವ ಪೆಡಲ್ ಬರೀ ಆನ್-ಆಫ್ ಸ್ವಿಚ್ಚು. ಅರ್ಧ ಪೆಡಲ್ (ಅರ್ಧ ಒತ್ತಿದರೆ ಅರ್ಧ ಪರಿಣಾಮ) ಬೇಕಿದ್ದರೆ ಡಿಪಿ-10 ಪೆಡಲ್ ಬೇರೆ ಕೊಳ್ಳಬೇಕು. ಬಜೆಟ್ ಹಾಕುವಾಗಲೇ ಅದನ್ನೂ ಸೇರಿಸಿಕೊಳ್ಳಿ.