ತಲಪಾಡಿ ಗಡಿಯಾಚೆಯ ಪೆಟ್ರೋಲ್ ಪಂಪುಗಳು: ಯಾರಿಗೆ ಲಾಭ?
ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ದಾರಿಯ ತಲಪಾಡಿಯಲ್ಲಿ ಕೇರಳ ಮುಗಿದು ಕರ್ನಾಟಕ ಶುರು. ಕೇರಳ 2023ರ ಏಪ್ರಿಲಿನಿಂದ ಪೆಟ್ರೋಲಿನ ಮೇಲೆ ಲೀಟರಿಗೆ 2 ರೂಪಾಯಿ ಸೆಸ್ (ಹೆಚ್ಚುವರಿ ತೆರಿಗೆ) ಹಾಕಿತು. ಪ್ರತಿಭಟನೆಗಳು ನಡೆದವು, ಸೆಸ್ ಉಳಿಯಿತು. 2024ರ ಜೂನಿನಲ್ಲಿ ಕರ್ನಾಟಕವೂ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಅಲ್ಲೂ ಅದೇ ಕತೆ.

ಆದರೂ ಕೇರಳದವರಿಗೆ ಗಡಿಯಾಚೆಯ ಕರ್ನಾಟಕದಲ್ಲೇ ಅಗ್ಗ. ಲೀಟರಿಗೆ 4 ರೂಪಾಯಿ ವ್ಯತ್ಯಾಸವೆಂದು ಹಿಡಿದರೆ 30 ಲೀಟರಿಗೆ ಉಳಿಯುವುದು 120 ರೂಪಾಯಿ. ಗಡಿಗೆ ಹತ್ತಿರದ ಮಂಜೇಶ್ವರ, ಕುಂಜತ್ತೂರಿನವರಿಗೆ ಅಡ್ಡಿಯಿಲ್ಲ. ಕಾಸರಗೋಡಿನಿಂದ ಅದಕ್ಕೆಂದೇ ಹೊರಟರೆ ಹೋಗಿಬರುವ 60ಕ್ಕೂ ಹೆಚ್ಚು ಕಿ.ಮೀ.ಗೆ 4 ಲೀಟರ್ ಸುಟ್ಟು ನಷ್ಟವೇ; ಟೋಲ್ ಬೇರೆ.

ಎಲ್ಲಿ ಹಾಕಿಸಿದರೂ, ಪೆಟ್ರೋಲ್ ಹಾಕಿಸುವ ಮೊದಲು ಪಂಪಿನ ಮೀಟರಿನಲ್ಲಿ ಸೊನ್ನೆ ನೋಡಿ. ಅನುಮಾನ ಬಂದರೆ ಮುದ್ರೆಯೊತ್ತಿದ 5 ಲೀಟರಿನ ಅಳತೆಪಾತ್ರೆ ಕೇಳಿ, ಕೊಡಲೇಬೇಕು. ಕೊರತೆ 25 ಮಿ.ಲೀ. ದಾಟಬಾರದು. ಫಿಲ್ಟರ್ ಕಾಗದದ ಮೇಲೆ ಬಿಟ್ಟ ಹನಿ ಆರಿದ ಮೇಲೆ ಕಲೆ ಉಳಿದರೆ ಕಲಬೆರಕೆಯ ಗುಮಾನಿ.