ಬಸಿರಲ್ಲಿ ಚರ್ಮಕ್ಕೆ ಏನು ಹಚ್ಚೋದು: ಎಣ್ಣೆಗಳು, ಶಿಯಾ ಬಟರ್, ಓಟ್ಸ್, ಲೋಳೆಸರ – ಹಚ್ಚಿ ನೋಡಿದ ಹೋಲಿಕೆ

ಬಸುರಿ ಅಂತ ಗೊತ್ತಾದ ತಕ್ಷಣ ಒಬ್ಬೊಬ್ರು ಒಂದೊಂದು ಹೆಸರು ಹೇಳ್ತಾರೆ, ಒಬ್ರು ಕೊಬ್ಬರಿ ಎಣ್ಣೆ ಅಂದ್ರೆ ಇನ್ನೊಬ್ರು ಬಾದಾಮಿ ಎಣ್ಣೆ ಅಂತಾರೆ, ಮತ್ತೊಬ್ರು ಶಿಯಾ ಬಟರ್ (ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆಯೋ ಕೊಬ್ಬು) ಬಿಟ್ಟು ಬೇರೆ ಮುಟ್ಲೇಬೇಡ ಅಂತಾರೆ. ಆದ್ರೆ ಅದು ಯಾವ ತೊಂದರೆಗೆ ಅನ್ನೋದನ್ನ ಯಾರೂ ಬಿಡಿಸಿ ಹೇಳಲ್ಲ. ತುರಿಕೆಗಾ, ಒಣ ಚರ್ಮಕ್ಕಾ, ಸ್ಟ್ರೆಚ್ ಮಾರ್ಕ್ಸ್ ಬರಬಾರದು ಅಂತಾನಾ, ಮುಖದ ಮೇಲೆ ಬರೋ ಕಂದು ಕಲೆ ಅಂದ್ರೆ ಬಂಗಿಗಾ, ಮೊಡವೆಗಾ? ಇವೆಲ್ಲ ಬೇರೆ ಬೇರೆ, ಒಂದಕ್ಕೆ ಒಳ್ಳೇದಾಗಿರೋದು ಇನ್ನೊಂದಕ್ಕೆ ಏನೂ ಮಾಡಲ್ಲ, ಕೆಲವು ಸಲ ಇನ್ನೂ ಕೆಡಿಸತ್ತೆ. ಅದಕ್ಕೇ ನಾನು ಯಾವ್ದು ಬೆಸ್ಟ್ ಅಂತ ಹುಡುಕೋದು ಬಿಟ್ಟು, ಯಾವ್ದು ಯಾವ ಕೆಲಸ ಮಾಡತ್ತೆ ಅಂತ ನೋಡ್ದೆ.

ನೋಡಿದ ರೀತಿ ತುಂಬಾ ಸಿಂಪಲ್. ಸ್ನಾನ ಆದ್ಮೇಲೆ ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು. ಹೊಟ್ಟೆಗೂ ಅಷ್ಟೇ, ಹೊಕ್ಕಳಿಂದ ಆ ಕಡೆ ಒಂದು ಈ ಕಡೆ ಒಂದು. ಒಂದು ಜೋಡಿನ ಕೆಲವು ವಾರ ಮುಂದುವರಿಸಿ ಆಮೇಲೆ ಬದಲಾಯಿಸ್ತಿದ್ದೆ. ಹೊಸದು ಯಾವ್ದೇ ಇರ್ಲಿ ಮೊದಲು ಮೊಣಕೈ ಒಳಮಗ್ಗುಲಿಗೆ ಚೂರು ಹಚ್ಚಿ 24ರಿಂದ 48 ಗಂಟೆ ಕಾಯ್ತಿದ್ದೆ, ಯಾಕಂದ್ರೆ ಮುಂಚೆ ಚೆನ್ನಾಗಿ ಒಗ್ಗುತ್ತಿದ್ದ ವಸ್ತು ಕೂಡ ಬಸಿರಲ್ಲಿ ಒಗ್ಗದೇ ಹೋಗಬಹುದು.

ಮೊದಲು ಕಾಲಿನ ಮಾತು. ಕೊಬ್ಬರಿ ಎಣ್ಣೆ ಒಂದು ಕಡೆ, ಸೂರ್ಯಕಾಂತಿ ಎಣ್ಣೆ ಇನ್ನೊಂದು ಕಡೆ. ಕೊಬ್ಬರಿ ಎಣ್ಣೆ ಹಚ್ಚಿದ ಕೂಡ್ಲೇ ಕಾಲು ಮಿರಮಿರ ಅನ್ನತ್ತೆ, ಅದ್ರಲ್ಲಿರೋ ಕೊಬ್ಬಿನಾಂಶದಲ್ಲಿ ಹತ್ತಿರ ಹತ್ತಿರ ಅರ್ಧ ಲಾರಿಕ್ ಆಸಿಡ್, ಅದು ಚರ್ಮದ ಮೇಲೆ ಪದರ ಕಟ್ಟಿ ನೀರು ಆರಿಹೋಗೋದನ್ನ ತಡೆಯತ್ತೆ. ಸೂರ್ಯಕಾಂತಿ ಎಣ್ಣೆ ಅಷ್ಟು ಹೊಳೆಯಲ್ಲ, ಬೇಗ ಒಳಗೆ ಹೋದಂಗೆ ಅನಿಸತ್ತೆ, ವಾಸನೆ ಅಂತೂ ಇಲ್ವೇ ಇಲ್ಲ. ಆದ್ರೆ ಸಂಜೆ ಹೊತ್ತಿಗೆ ಮುಟ್ಟಿ ನೋಡಿದ್ರೆ ಎರಡೂ ಕಾಲು ಮೆತ್ತಗೇ ಇರ್ತಿತ್ತು, ವ್ಯತ್ಯಾಸ ಹೇಳೋದೇ ಕಷ್ಟ. ನನಗೆ ಸೂರ್ಯಕಾಂತಿ ಎಣ್ಣೆ ಗೆದ್ದಿದ್ದು ಮೊದಲ ಮೂರು ತಿಂಗಳಲ್ಲಿ, ಯಾಕಂದ್ರೆ ಆಗ ಯಾವ ವಾಸನೆ ಬಂದ್ರೂ ಹೊಟ್ಟೆ ತೊಳೆಸೋದು, ಕೊಬ್ಬರಿ ಎಣ್ಣೆ ಬಾಟ್ಲಿ ಮುಚ್ಚಳ ತೆಗೆಯೋಕೂ ಆಗ್ತಿರ್ಲಿಲ್ಲ. ವಾಂತಿ ಇರೋರಿಗೆ ವಾಸನೆ ಇಲ್ಲದಿರೋದು ದೊಡ್ಡ ಗುಣ, ಇದನ್ನ ಯಾವ ಬಾಟ್ಲಿ ಮೇಲೂ ಬರೆದಿರಲ್ಲ.

ಆಲಿವ್ ಎಣ್ಣೆನೂ ಹಚ್ಚಿ ನೋಡ್ದೆ, ಬೇಗ ಬಿಟ್ಟೆ. ಅದ್ರಲ್ಲಿ ಓಲಿಕ್ ಆಸಿಡ್ ಜಾಸ್ತಿ, ಅದು ಚರ್ಮದ ಮೇಲ್ಪದರದ ಬಿಗಿಯನ್ನ ಸಡಿಲ ಮಾಡತ್ತೆ, ಮೊದಲೇ ಒಣಗಿ ಬಿರಿದ ಚರ್ಮಕ್ಕೆ ಅದು ಬೇಡ. ಸೂರ್ಯಕಾಂತಿಯಲ್ಲಿ ಲಿನೊಲಿಕ್ ಆಸಿಡ್ ಜಾಸ್ತಿ, ಅದು ಆ ಪದರಕ್ಕೆ ಬಲ ಕೊಡೋದು. ಆದ್ರೆ ಲೇಬಲ್ ನೋಡ್ಕೊಳ್ಳಿ, ಹೈ ಓಲಿಕ್ ಅಂತ ಬರೆದಿರೋ ಸೂರ್ಯಕಾಂತಿ ಎಣ್ಣೆ ಬೇರೆ ಜಾತಿ, ಅದು ಆಲಿವ್ ಎಣ್ಣೆ ಕಡೆಗೇ ಹೋಗತ್ತೆ.

ಇಲ್ಲೇ ಇನ್ನೊಂದು ಮಾತು, ಯಾವ ಎಣ್ಣೆ ಅನ್ನೋದಕ್ಕಿಂತ ಯಾವಾಗ ಹಚ್ತೀರಿ ಅನ್ನೋದು ಜಾಸ್ತಿ ಮುಖ್ಯ. ಎಣ್ಣೆಯಲ್ಲಿ ನೀರಿರಲ್ಲ, ಅದು ಇರೋ ನೀರನ್ನ ಹಿಡಿದಿಡತ್ತೆ ಅಷ್ಟೇ. ಹಾಗಾಗಿ ಸ್ನಾನ ಮುಗಿಸಿ ಟವೆಲ್‌ನಲ್ಲಿ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಹಸಿ ಇರೋವಾಗ್ಲೇ ಹಚ್ಚಬೇಕು. ಸ್ನಾನದ ನೀರು ಉಗುರುಬೆಚ್ಚಗೆ ಸಾಕು, ಬಿಸಿ ನೀರು ತುರಿಕೆನ ಎಬ್ಬಿಸತ್ತೆ. ಪೂರ್ತಿ ಒಣಗಿದ ಕಾಲಿಗೆ ದುಬಾರಿ ಎಣ್ಣೆ, ಹಸಿ ಕಾಲಿಗೆ ಸಾದಾ ಎಣ್ಣೆ ಹಚ್ಚಿ ನೋಡಿದಾಗ ಸಾದಾ ಎಣ್ಣೆಯ ಕಾಲೇ ಮೆತ್ತಗಿತ್ತು.

ಈಗ ಹೊಟ್ಟೆ. ಇಲ್ಲಿ ಸ್ಪರ್ಧೆ ಬಾದಾಮಿ ಎಣ್ಣೆಗೂ ಶಿಯಾ ಬಟರ್‌ಗೂ. ಬಾದಾಮಿ ಎಣ್ಣೆ ತೆಳ್ಳಗೆ ಜಾರತ್ತೆ, ನಿಧಾನಕ್ಕೆ ಸುತ್ತಿ ಸುತ್ತಿ ನೀವಿಕೊಳ್ಳೋಕೆ ಇದಕ್ಕಿಂತ ಚೆನ್ನಾಗಿರೋದು ನನಗೆ ಸಿಗ್ಲಿಲ್ಲ. ಸಿಹಿ ಬಾದಾಮಿ ಎಣ್ಣೆ ಅಂತ ನೋಡಿ ತಗೊಳ್ಳಿ, ಕಹಿ ಬಾದಾಮಿಯಲ್ಲಿ ಸಯನೈಡ್ ಬಿಡುಗಡೆ ಮಾಡೋ ಅಂಶ ಇರತ್ತೆ, ಅದರ ಗೊಡವೆ ಬೇಡ. ಬಾದಾಮಿ, ಗೋಡಂಬಿ ಅಂಥವುಗಳ ಅಲರ್ಜಿ ಇರೋರು ಈ ಎಣ್ಣೆನೇ ಬಿಟ್ಟುಬಿಡಿ. ಶಿಯಾ ಬಟರ್ ಗಟ್ಟಿ, ಅಂಗೈಯಲ್ಲಿ ಉಜ್ಜಿದ್ರೆ ಕರಗತ್ತೆ, ಸಂಸ್ಕರಿಸದೇ ಇರೋದಕ್ಕೆ ಹೊಗೆ ಥರ ಒಂದು ವಾಸನೆ, ಬಟ್ಟೆಗೆ ಕಲೆ ಬೇರೆ ಮಾಡತ್ತೆ. ಆದ್ರೆ ರಾತ್ರಿ ಹಚ್ಚಿದ್ದು ಬೆಳಗಾದ್ರೂ ಇರತ್ತೆ. ಏಳನೇ ತಿಂಗಳ ನಂತರ ಹೊಟ್ಟೆ ಚರ್ಮ ಎಳೆದು ಎಳೆದು ಮಧ್ಯರಾತ್ರಿ ಎಚ್ಚರ ಆಗ್ತಿತ್ತಲ್ಲ, ಬಾದಾಮಿ ಎಣ್ಣೆ ಹಚ್ಚಿದ ಕಡೆ ಆ ಹೊತ್ತಿಗೆ ಮತ್ತೆ ಕೆರೆಯೋಣ ಅನಿಸ್ತಿತ್ತು, ಶಿಯಾ ಕಡೆ ಹಾಗನಿಸ್ತಿರ್ಲಿಲ್ಲ. ಆದ್ರಿಂದ ಹಗಲಿಗೆ ಬಾದಾಮಿ, ರಾತ್ರಿಗೆ ಶಿಯಾ ಅಂತ ಹಂಚ್ಕೊಂಡೆ.

ಸ್ಟ್ರೆಚ್ ಮಾರ್ಕ್ಸ್ ಬಂತಾ ಅಂತ ಕೇಳ್ತೀರಿ. ಬಂತು, ಎರಡೂ ಕಡೆ ಬಂತು, ಒಂದು ಕಡೆ ಕಮ್ಮಿ ಇನ್ನೊಂದು ಕಡೆ ಜಾಸ್ತಿ ಅಂತೇನೂ ಇಲ್ಲ. ನನಗೆ ಆಶ್ಚರ್ಯ ಆಗ್ಲಿಲ್ಲ, ಯಾಕಂದ್ರೆ ಆ ಗೆರೆಗಳು ಹುಟ್ಟೋದು ಚರ್ಮದ ಒಳಪದರದಲ್ಲಿ, ಅಲ್ಲಿರೋ ಕೊಲಾಜೆನ್ ಎಲಾಸ್ಟಿನ್ ಎಳೆಗಳು ಹಿಗ್ಗಿ ಹರಿದಾಗ, ಮತ್ತೆ ನಾವು ಹಚ್ಚೋ ಎಣ್ಣೆ ಹೆಚ್ಚಾಗಿ ಮೇಲ್ಪದರದಲ್ಲೇ ಉಳಿಯತ್ತೆ. ವೈದ್ಯಕೀಯ ಪ್ರಯೋಗಗಳನ್ನ ಒರೆಗೆ ಹಚ್ಚೋ ಕೊಕ್ರೇನ್ ಅನ್ನೋ ಸಂಸ್ಥೆಯಿಂದ 2012ರಲ್ಲಿ ಬಂದ ವಿಮರ್ಶೆ ಆಗಿನವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಹಚ್ಚೋ ಯಾವ ಕ್ರೀಮು ಎಣ್ಣೆನೂ ಸ್ಟ್ರೆಚ್ ಮಾರ್ಕ್ಸ್ ತಡೆಯತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ ಅಂತ ಹೇಳಿತ್ತು. ಕೊಕೊ ಬಟರ್‌ನ ಅದಿಲ್ಲದ ಸಾದಾ ಕ್ರೀಮಿನ ಜೊತೆ ಹೋಲಿಸಿ ನೋಡಿದಾಗ್ಲೂ ವ್ಯತ್ಯಾಸ ಸಿಕ್ಕಿಲ್ಲ. ಅಮ್ಮನಿಗೆ ಬಂದಿದ್ರೆ ನಮಗೂ ಬರೋ ಸಾಧ್ಯತೆ ಜಾಸ್ತಿ, ಚಿಕ್ಕ ವಯಸ್ಸಲ್ಲಿ ಬಸುರಿ ಆದೋರಿಗೆ ಜಾಸ್ತಿ, ತೂಕ ತುಂಬಾ ಏರಿದ್ರೂ ಜಾಸ್ತಿ. ಹಾಗಾಗಿ ಗೆರೆ ಬಂದವರು ಎಣ್ಣೆ ಸರಿಯಾಗಿ ಹಚ್ಚಲಿಲ್ಲ ಅಂತ ಯಾರಾದ್ರೂ ಅಂದ್ರೆ ದಯವಿಟ್ಟು ಮನಸಿಗೆ ಹಚ್ಕೋಬೇಡಿ, ಅದು ನಿಜ ಅಲ್ಲ, ನನಗೆ ಆ ಮಾತು ಕೇಳಿದ್ರೆ ನಿಜಕ್ಕೂ ಬೇಜಾರಾಗತ್ತೆ. ಎಣ್ಣೆ ಹಚ್ಚೋದು ತುರಿಕೆ ಕಮ್ಮಿ ಆಗೋಕೆ, ಚರ್ಮ ಬಿಗಿಯೋದು ಕಮ್ಮಿ ಆಗೋಕೆ, ಅದೇನು ಸಣ್ಣ ಲಾಭ ಅಲ್ಲ.

ತುರಿಕೆ ಜಾಸ್ತಿ ಆದಾಗ ಎಣ್ಣೆ ಸಾಲ್ದೆ ಹೋಯ್ತು, ಆಗ ಓಟ್ಸ್ ಮತ್ತೆ ಲೋಳೆಸರ. ಏನೂ ಬೆರೆಸದ ಸಾದಾ ಓಟ್ಸನ್ನ ಮಿಕ್ಸಿಯಲ್ಲಿ ನುಣ್ಣಗೆ, ನೀರಿಗೆ ಹಾಕಿದ್ರೆ ಹಾಲಿನ ಬಣ್ಣ ಬರೋ ಅಷ್ಟು ನುಣ್ಣಗೆ ಪುಡಿ ಮಾಡ್ಕೊಂಡು, ಉಗುರುಬೆಚ್ಚಗಿನ ನೀರಲ್ಲಿ ಕಲಸಿ ಹೊಟ್ಟೆ ತೊಡೆಗೆ ಸವರಿ ಹತ್ತು ನಿಮಿಷ ಬಿಟ್ಟು ತೊಳ್ಕೊಳ್ಳೋದು. ಓಟ್ಸಲ್ಲಿ ಅವೆನಾಂತ್ರಮೈಡ್ ಅಂತ ಒಂದು ಅಂಶ ಇದೆ, ತುರಿಕೆ ಉರಿ ಕಮ್ಮಿ ಮಾಡತ್ತೆ, ಅಮೆರಿಕದಲ್ಲಿ ಔಷಧಿ ಆಹಾರಗಳನ್ನ ಪರಿಶೀಲಿಸೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2003ರಲ್ಲೇ ನುಣ್ಣನೆ ಓಟ್ಸ್ ಪುಡಿನ ಚರ್ಮ ರಕ್ಷಕ ಅಂತ ಒಪ್ಪಿಕೊಂಡಿದೆ. ಒಂದೇ ಎಚ್ಚರಿಕೆ, ಬಚ್ಚಲು ನೆಲ ಸಿಕ್ಕಾಪಟ್ಟೆ ಜಾರತ್ತೆ, ಹೊಟ್ಟೆ ಮುಂದಕ್ಕೆ ಬಂದಾಗ ಬ್ಯಾಲೆನ್ಸ್ ಮೊದಲೇ ಇರಲ್ಲ, ಕೂತ್ಕೊಂಡೇ ಹಚ್ಚಿ ಕೂತ್ಕೊಂಡೇ ತೊಳೀರಿ, ಆಮೇಲೆ ನೆಲಕ್ಕೂ ನೀರು ಹೊಯ್ಯಿರಿ.

ಲೋಳೆಸರ ಹಚ್ಚಿದ ಕ್ಷಣಕ್ಕೆ ಆಹಾ ಅನಿಸತ್ತೆ, ಫ್ರಿಜ್‌ನಲ್ಲಿ ಇಟ್ಟಿದ್ರಂತೂ ಇನ್ನೂ. ಆದ್ರೆ ಸ್ವಲ್ಪ ಹೊತ್ತಿಗೆ ಒಣಗಿ ಚರ್ಮ ಬಿಗಿಯತ್ತೆ, ಅದರ ಮೇಲೆ ಎಣ್ಣೆ ಹಚ್ಚಲೇಬೇಕು. ಎಲೆ ಕೊಯ್ದಾಗ ಸೋರೋ ಹಳದಿ ರಸ ಚರ್ಮಕ್ಕೆ ಕೆರಳಿಕೆ ತರತ್ತೆ, ಎಲೆನ ನೆಟ್ಟಗೆ ನಿಲ್ಲಿಸಿ ಅದು ಪೂರ್ತಿ ಇಳಿದ್ಮೇಲೆ ತೊಳೆದು ಒಳಗಿನ ತಿಳಿ ಲೋಳೆ ಮಾತ್ರ ತಗೋಬೇಕು. ಮತ್ತೆ ಇದನ್ನ ಕುಡಿಯೋದು ಬೇಡವೇ ಬೇಡ, ಆ ಹಳದಿ ರಸ ಭೇದಿ ಮಾಡಿಸತ್ತೆ, ಗರ್ಭಿಣಿಯರು ಲೋಳೆಸರ ಒಳಗೆ ತಗೋಬಾರದು ಅಂತಲೇ ಡಾಕ್ಟರುಗಳು ಹೇಳೋದು. ಒಟ್ಟಲ್ಲಿ ತುರಿಕೆ ವಿಷಯದಲ್ಲಿ ಓಟ್ಸ್ ನಿಚ್ಚಳವಾಗಿ ಮುಂದೆ, ಲೋಳೆಸರ ಬಿಸಿಲಲ್ಲಿ ಓಡಾಡಿ ಬಂದ ದಿನಕ್ಕೆ.

ಎಲ್ಲಕ್ಕಿಂತ ಮುಖ್ಯವಾದ್ದು ಇದು, ದಯವಿಟ್ಟು ಓದಿ. ಅಂಗೈ ಅಂಗಾಲು ತುರಿಸ್ತಾ ಇದ್ರೆ, ರಾತ್ರಿ ಜಾಸ್ತಿ ಆಗ್ತಿದ್ರೆ, ಗುಳ್ಳೆ ಏನೂ ಕಾಣದೇ ಬರೀ ತುರಿಕೆ ಇದ್ರೆ, ಓಟ್ಸು ಎಣ್ಣೆ ಅಂತ ಕೂರ್ಬೇಡಿ, ಆವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅದು ಲಿವರ್‌ನಿಂದ ಪಿತ್ತರಸ ಸರಿಯಾಗಿ ಹರಿಯದೇ ಇರೋ ಕೊಲೆಸ್ಟಾಸಿಸ್ ಇರಬಹುದು, ಸಾಮಾನ್ಯವಾಗಿ ಕೊನೆ ಮೂರು ತಿಂಗಳಲ್ಲಿ ಬರತ್ತೆ, ರಕ್ತ ಪರೀಕ್ಷೆಯಲ್ಲಿ ಪಿತ್ತಾಮ್ಲದ ಮಟ್ಟ ನೋಡಿ ಹೇಳ್ತಾರೆ, ಅದು ಮಗುಗೂ ಅಪಾಯ ತರಬಹುದು. ಮೂತ್ರ ಗಾಢ ಬಣ್ಣ ಆಗೋದು, ಮಲ ಬಿಳಚಿಕೊಳ್ಳೋದು ಕೂಡ ಗುರುತು. ಇನ್ನೊಂದು ಥರ ಇದೆ, ಸ್ಟ್ರೆಚ್ ಮಾರ್ಕ್ಸ್ ಒಳಗೇ ಕೆಂಪು ದದ್ದು ಶುರುವಾಗಿ ಹೊಕ್ಕಳ ಸುತ್ತ ಮಾತ್ರ ಬಿಟ್ಟು ಹರಡೋದು, ಅದು ಮಗುಗೆ ತೊಂದರೆ ಮಾಡಲ್ಲ, ಆದ್ರೆ ನಿದ್ದೆ ಕೆಡಿಸತ್ತೆ, ಅದಕ್ಕೂ ಡಾಕ್ಟರ್ ಹತ್ರ ಔಷಧಿ ಇದೆ.

ಮುಖಕ್ಕೆ ಬಂದ್ರೆ ಲೆಕ್ಕ ಪೂರ್ತಿ ಬದಲಾಗತ್ತೆ. ಕಾಲಿಗೆ ಅಷ್ಟು ಚೆನ್ನಾಗಿದ್ದ ಕೊಬ್ಬರಿ ಎಣ್ಣೆ ಮುಖದಲ್ಲಿ ರಂಧ್ರ ಮುಚ್ಚತ್ತೆ, ಬಸಿರಲ್ಲಿ ಜಿಡ್ಡು ಮೊದಲೇ ಜಾಸ್ತಿ ಆಗಿರತ್ತೆ, ಸೇರಿದ್ರೆ ಮೊಡವೆ. ಮುಖಕ್ಕೆ ಜೇನುತುಪ್ಪ, ಜೇಡಿಮಣ್ಣಿನ ಪ್ಯಾಕು, ಪರಿಮಳ ಇಲ್ಲದ ಮೃದು ಕ್ಲೆನ್ಸರ್ ಮೂರೂ ನೋಡ್ದೆ. ಜೇಡಿಮಣ್ಣು ಜಿಡ್ಡು ಎಳೀತು, ಜೊತೆಗೆ ಕೆನ್ನೆ ಬಿರುಕು ಬಿಡೋ ಹಾಗೆ ಒಣಗಿಸ್ತು. ಜೇನು ಹತ್ತು ನಿಮಿಷ ಹಚ್ಚಿ ತೊಳೆದ್ರೆ ಮುಖ ಮೃದು, ಆದ್ರೆ ದಿನಾ ಮಾಡೋ ಅಷ್ಟು ತಾಳ್ಮೆ ಯಾರಿಗಿರತ್ತೆ. ದಿನಕ್ಕೆರಡು ಸಲ ಸಾದಾ ಕ್ಲೆನ್ಸರೇ ಗೆದ್ದಿದ್ದು. ನಿಂಬೆರಸ, ಅಡುಗೆ ಸೋಡಾ ಎರಡನ್ನೂ ನಾನು ಹಚ್ಚಲಿಲ್ಲ, ನೀವೂ ಹಚ್ಚಬೇಡಿ. ಪಿಎಚ್ ಅಂದ್ರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕಮ್ಮಿ ಇದ್ರೆ ಹುಳಿ, ಜಾಸ್ತಿ ಇದ್ರೆ ಕ್ಷಾರ; ಆರೋಗ್ಯವಾದ ಚರ್ಮದ ಪಿಎಚ್ 5ರ ಆಸುಪಾಸು, ನಿಂಬೆರಸದ್ದು 2ರ ಹತ್ರ, ಸೋಡಾದ್ದು 8ಕ್ಕಿಂತ ಮೇಲೆ. ಅದೂ ಅಲ್ಲದೆ ನಿಂಬೆಜಾತಿ ಹಣ್ಣಿನ ರಸ ಹಚ್ಚಿ ಬಿಸಿಲಿಗೆ ಹೋದ್ರೆ ಚರ್ಮ ಸುಟ್ಟ ಹಾಗೆ ಆಗಿ ಇನ್ನೂ ಕಪ್ಪು ಕಲೆ ಉಳಿಯಬಹುದು.

ಬಂಗಿಗೆ ಅಂತ ಅರಿಶಿನ, ಆಲೂಗಡ್ಡೆ ರಸ ಎರಡೂ ಹಚ್ಚಿದ್ದೆ, ಒಂದೊಂದು ಕೆನ್ನೆಗೆ ಒಂದೊಂದು. ಅರಿಶಿನ ಹಳದಿ ಬಣ್ಣ ಬಿಡ್ತು, ಆಲೂಗಡ್ಡೆ ಏನೂ ಮಾಡ್ಲಿಲ್ಲ, ಬಂಗು ಇದ್ದಲ್ಲೇ ಇತ್ತು. ಬಂಗು ಬರೋದು ಬಸಿರಿನ ಹಾರ್ಮೋನು ಜೊತೆಗೆ ಬೆಳಕು ಸೇರಿ, ಹಾರ್ಮೋನು ನಮ್ಮ ಕೈಯಲ್ಲಿಲ್ಲ, ಬೆಳಕನ್ನ ತಡೀಬಹುದು. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರೋ ಖನಿಜ ಸನ್‌ಸ್ಕ್ರೀನು, ಅಗಲ ಅಂಚಿನ ಟೋಪಿ, ಇಷ್ಟೇ. ಎಸ್‌ಪಿಎಫ್ (ಸನ್‌ಸ್ಕ್ರೀನ್ ಬಿಸಿಲು ತಡೆಯೋ ಅಳತೆ) 30 ಇದ್ರೆ ಚರ್ಮ ಸುಡೋ ಯುವಿಬಿ ಕಿರಣದಲ್ಲಿ ಸುಮಾರು 97% ತಡೆಯತ್ತೆ, 50 ಇದ್ರೆ ಸುಮಾರು 98%, ಹಾಗಾಗಿ ನಂಬರ್‌ಗಿಂತ ಧಾರಾಳವಾಗಿ ಹಚ್ಚೋದು, ಹೊರಗಿದ್ರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚೋದು ಮುಖ್ಯ. ನಾನು ಬಿಳೀದು ಮತ್ತೆ ಚರ್ಮದ ಬಣ್ಣದ್ದು ಎರಡೂ ಬಳಸ್ದೆ. ಬಿಳೀದು ಮುಖಕ್ಕೆ ಬೂದಿ ಬಳಿದ ಹಾಗೆ ಕಾಣತ್ತೆ, ಬಣ್ಣದ್ದರಲ್ಲಿ ಐರನ್ ಆಕ್ಸೈಡ್ ಇರತ್ತೆ, ಅದು ಕಣ್ಣಿಗೆ ಕಾಣೋ ಬೆಳಕನ್ನೂ ತಡೆಯತ್ತೆ, ಬಂಗಿಗೆ ಆ ಬೆಳಕೂ ಕಾರಣ ಆಗೋದ್ರಿಂದ ಬಣ್ಣದ್ದೇ ಮೇಲು.

ಮೊಡವೆ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಮುಂಚೆ ಬಳಸ್ತಿದ್ದ ರೆಟಿನಾಲ್, ಟ್ರೆಟಿನಾಯಿನ್ ಕ್ರೀಮುಗಳು ಬಸಿರಲ್ಲಿ ಬೇಡ, ಐಸೊಟ್ರೆಟಿನಾಯಿನ್ ಮಾತ್ರೆಯಂತೂ ಮಗುವಿನ ಅಂಗವೈಕಲ್ಯಕ್ಕೆ ಕಾರಣ ಆಗತ್ತೆ, ಕಲೆ ತಿಳಿ ಮಾಡೋ ಹೈಡ್ರೋಕ್ವಿನೋನ್ ಚರ್ಮದಿಂದ ರಕ್ತಕ್ಕೆ ಬಹಳ ಸೇರತ್ತೆ, ಅದೂ ಬೇಡ. ಅಜೆಲಾಯಿಕ್ ಆಸಿಡ್ ಬಸಿರಲ್ಲಿ ಸುರಕ್ಷಿತ ಅಂತ ಡಾಕ್ಟರುಗಳು ಕೊಡ್ತಾರೆ, ಗೋಧಿ ಬಾರ್ಲಿಯಲ್ಲಿ ಸಹಜವಾಗೇ ಇರೋ ವಸ್ತು ಅದು, ಬಂಗಿಗೂ ಕೆಲಸಕ್ಕೆ ಬರತ್ತೆ. ಜೇನಿಗಿಂತ, ಅರಿಶಿನಕ್ಕಿಂತ ನನ್ನ ಮೊಡವೆ ಕೇಳಿದ್ದು ಅದರ ಮಾತನ್ನೇ.

ನ್ಯಾಚುರಲ್ ಅಂತ ಲೇಬಲ್ ಇರೋದನ್ನೆಲ್ಲ ನಂಬೋ ಹಾಗಿಲ್ಲ. ಬೆಳ್ಳಗೆ ಮಾಡೋ ಕ್ರೀಮುಗಳಲ್ಲಿ ಪಾದರಸ, ಸ್ಟೀರಾಯ್ಡ್ ಸಿಕ್ಕಿರೋ ಉದಾಹರಣೆ ಬೇಕಾದಷ್ಟಿವೆ, ಪಾದರಸ ಹೊಟ್ಟೆಯಲ್ಲಿರೋ ಮಗುವಿನ ಮೆದುಳಿಗೇ ಹಾನಿ. ಲೇಬಲ್‌ನಲ್ಲಿ ಕ್ಯಾಲೊಮೆಲ್ ಅಂತಿದ್ರೆ ಅದೂ ಪಾದರಸನೇ. ಗಿಡದ ಸುಗಂಧ ತೈಲಗಳು ಕೂಡ ತುಂಬಾ ಗಾಢ, ಡಾಕ್ಟರನ್ನ ಕೇಳದೆ ಬೇಡ. ಮನೇಲಿ ನೀರು ಹಾಕಿ ಕಲಸಿದ ಪ್ಯಾಕ್ ಆವತ್ತೇ ಮುಗಿಸಿ, ಇಟ್ರೆ ಸೂಕ್ಷ್ಮಜೀವಿಗಳು ಬೆಳೆಯತ್ತೆ.

ಹೊಕ್ಕಳಿಂದ ಕೆಳಗಿಳಿಯೋ ಕಪ್ಪು ಗೆರೆಗೆ ನಾನು ಏನೂ ಹಚ್ಚಲಿಲ್ಲ, ಹೆರಿಗೆ ಆದ್ಮೇಲೆ ಕೆಲವು ತಿಂಗಳಲ್ಲಿ ತಾನೇ ಮಾಸಿತು. ಹೊಟ್ಟೆ ಮೇಲಿನ ಕೆಂಪು ಗೆರೆಗಳು ಬೆಳ್ಳಿ ಬಣ್ಣಕ್ಕೆ ತಿರುಗಿವೆ, ಪೂರ್ತಿ ಹೋಗಲ್ಲ. ಬಂಗು ಮಾತ್ರ ಕೆಲವರಿಗೆ ಹೆರಿಗೆ ನಂತರವೂ ಉಳಿಯತ್ತೆ, ಬಿಸಿಲು ತಾಗಿದ್ರೆ ಮತ್ತೆ ಗಾಢ ಆಗತ್ತೆ, ಹಾಗಾಗಿ ಎಣ್ಣೆ ಬಟರ್ ಎಲ್ಲ ಬಿಟ್ಟ ಮೇಲೂ ಆ ಬಣ್ಣದ ಸನ್‌ಸ್ಕ್ರೀನ್ ಒಂದನ್ನ ನಾನು ಬಿಟ್ಟಿಲ್ಲ.